ತಗೊಳ್ಳುವ ಮೊದಲು ಬಗ್ಗಿ ನೋಡು

ಸಿರಾಕ್ಯೂಸ್ ಹತ್ತಿರ ಮನೆ ತಗೊಂಡೆಯಂತೆ, ಒಂದೂವರೆ ಎಕರೆ ಜಾಗವಂತೆ. ಸಂತೋಷ ಕಣಪ್ಪ. ಬೆಂಗಳೂರಿನಲ್ಲಿ 30×40 ಸೈಟಿಗೆ ಜನ ಅರ್ಧ ಆಯುಸ್ಸು ಸಾಲ ತೀರಿಸುತ್ತಾರೆ. ನೀನು ಈ ವಯಸ್ಸಿಗೇ ಜಮೀನ್ದಾರನಾದೆ. ಒಂದೇ ತೊಂದರೆ ಏನೆಂದರೆ, ಹಿಂದಿನ ಜಮೀನ್ದಾರರಿಗೆ ಆಳುಕಾಳು ಇರುತ್ತಿದ್ದರು. ನಿನ್ನ ಜಮೀನಿಗೆ ನೀನೇ ಆಳು. ಮೇ ತಿಂಗಳಿಂದ ಹುಲ್ಲು ಕತ್ತರಿಸಬೇಕು, ನವೆಂಬರ್ ಬಂತೆಂದರೆ ಹಿಮ ನೂಕಬೇಕು. ಒಂಟಾರಿಯೋ ಸರೋವರದ ಮೇಲೆ ಹಾದು ಬರುವ ಶೀತಗಾಳಿ ಅಲ್ಲಿನ ಆವಿಯನ್ನೆಲ್ಲ ಹೊತ್ತು ತಂದು ನಿಮ್ಮ ಊರಿನ ಮೇಲೇ ಸುರಿಯುತ್ತದೆ. ವರ್ಷಕ್ಕೆ 100 ಇಂಚಿಗೂ ಹೆಚ್ಚು ಹಿಮ ಬೀಳುವ ಊರು ಅದು. ಮನೆ ತೋರಿಸಿದ ಏಜೆಂಟು ಆ ಮಾತು ಎತ್ತಿರಲಾರ ಬಿಡು. ಜೂನ್ ತಿಂಗಳಲ್ಲಿ ಮನೆ ನೋಡಿದವರಿಗೆ ಯಾರು ಹೇಳುತ್ತಾರೆ?

ಈಗ ಸೆಕೆಂಡ್ ಹ್ಯಾಂಡ್ ಟ್ರಾಕ್ಟರ್ ಹುಡುಕುತ್ತಿದ್ದೀಯ. ಒಳ್ಳೆಯ ಬುದ್ಧಿ. ಹೊಸದಕ್ಕೆ ಸುರಿಯುವ ದುಡ್ಡಿನಲ್ಲಿ ಹಳೆಯದೊಂದನ್ನು ಕೊಂಡು, ರಿಪೇರಿ ಮಾಡಿಸಿ, ಮಿಕ್ಕಿದ್ದರಲ್ಲಿ ಊರಿಗೆ ಹೋಗಿ ಬರಬಹುದು. ಆದರೆ ನೀನು ಮಾಡಿಟ್ಟುಕೊಂಡಿರುವ ಆ ಎಕ್ಸೆಲ್ ಪಟ್ಟಿ ನೋಡಿ ನಗು ಬಂತು. ಹಾರ್ಸ್‌ಪವರ್, ವರ್ಷ, ಬೆಲೆ, ಹುಲ್ಲು ಕತ್ತರಿಸುವ ಡೆಕ್ಕಿನ ಅಗಲ, ಓಡಿದ ಗಂಟೆ, ಎಲ್ಲಕ್ಕೂ ಒಂದೊಂದು ಕಾಲಂ. ಹಿಂದಿನ ಆಕ್ಸಲ್ಲಿಗೆ ಕಾಲಂ ಎಲ್ಲಿ? ಚಾಸಿಗೆ? ಜೊತೆಯಲ್ಲಿ ಹಿಮ ನೂಕುವ ಬ್ಲೇಡು, ಚಕ್ರದ ಚೈನು ಬರುತ್ತದೋ ಇಲ್ಲವೋ ಅನ್ನುವುದಕ್ಕೆ? ನಮ್ಮಪ್ಪ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಕೊಂಬಿಗೆ ಬಳಿದ ಬಣ್ಣದ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಹಲ್ಲು ನೋಡುತ್ತಿದ್ದರು, ಗೊರಸು ನೋಡುತ್ತಿದ್ದರು, ಆಮೇಲೆ ನಾಲ್ಕು ಹೆಜ್ಜೆ ನಡೆಸಿ ನೋಡುತ್ತಿದ್ದರು. ಟ್ರಾಕ್ಟರಿಗೂ ಅದೇ ಕಣೋ.

ಮೊದಲು ಇದನ್ನು ತಲೆಯಲ್ಲಿಟ್ಟುಕೋ. ದೊಡ್ಡ ಅಂಗಡಿಗಳ ಮುಂದೆ ಸಾಲಾಗಿ ನಿಂತಿರುತ್ತವಲ್ಲ, ಅವು ಲಾನ್ ಟ್ರಾಕ್ಟರುಗಳು. ಹುಲ್ಲು ಕತ್ತರಿಸುವುದಕ್ಕೆಂದೇ ಮಾಡಿದವು. ತಗಡು ಒತ್ತಿ ಮಾಡಿದ ಚಾಸಿ, ಸಣ್ಣ ಹಿಂಚಕ್ರ, ಹಗುರವಾದ ಆಕ್ಸಲ್. ಹಲವಕ್ಕೆ ಹೈಡ್ರೋಸ್ಟ್ಯಾಟಿಕ್ ಪೆಟ್ಟಿಗೆ ಮುಚ್ಚಿಟ್ಟ ಹಾಗೇ ಬರುತ್ತದೆ. ಅದರ ಎಣ್ಣೆ ಬದಲಿಸುವುದಕ್ಕೆ ಸಲೀಸಾದ ದಾರಿಯೇ ಇಲ್ಲ. ಗಾರ್ಡನ್ ಟ್ರಾಕ್ಟರ್ ಎನ್ನುವುದು ಬೇರೆ ಜಾತಿ. ದಪ್ಪ ಉಕ್ಕಿನ ಚಾಸಿ, ಎರಕದ ಗೇರ್ ಪೆಟ್ಟಿಗೆ, ಅಗಲವಾದ ಹಿಂಚಕ್ರ. ನೇಗಿಲು ಕಟ್ಟಿದರೂ ಎಳೆಯುತ್ತದೆ. ಎರಡಕ್ಕೂ 18 ಹಾರ್ಸ್‌ಪವರ್ ಎಂದು ಬರೆದಿರಬಹುದು. ಆದರೆ ಹಿಮ ನೂಕುವುದು ಎಂಜಿನ್ ಒಂದೇ ಅಲ್ಲ, ನೆಲಕ್ಕೆ ಒತ್ತಿ ನಿಲ್ಲುವ ತೂಕ. ಹಗುರ ಟ್ರಾಕ್ಟರಿನ ಚಕ್ರ ಇದ್ದಲ್ಲೇ ಸುತ್ತುತ್ತದೆ. ತೂಕ ಹೇರಿ ಬಲವಂತ ಮಾಡಿದರೆ ಆಕ್ಸಲ್ ಬಾಯಿಬಿಡುತ್ತದೆ. ಹಿಮ ನೂಕಬಲ್ಲದ್ದು ಹುಲ್ಲನ್ನೂ ಕತ್ತರಿಸುತ್ತದೆ. ಹುಲ್ಲಿಗೆಂದು ಹುಟ್ಟಿದ್ದಕ್ಕೆ ಹಿಮದ ಕೆಲಸ ಹೇಳಬೇಡ. ಆದ್ದರಿಂದ ಜನವರಿಯನ್ನು ನೆನೆದುಕೊಂಡು ಆರಿಸು. ಜುಲೈ ಹೇಗೋ ನಡೆಯುತ್ತದೆ.

ನಿನ್ನ ಡ್ರೈವ್‌ವೇ ಎರಡು ಕಾರು ನಿಲ್ಲುವಷ್ಟೇ ಉದ್ದವಾಗಿದ್ದರೆ ಈ ರಾಮಾಯಣವೇ ಬೇಡ. ಕೈಯಲ್ಲಿ ಹಿಡಿದು ನಡೆಸುವ ಸ್ನೋ ಬ್ಲೋವರ್ ಒಂದು ತಗೋ, ಹುಲ್ಲಿಗೆ ಯಾವುದಾದರೂ ಲಾನ್ ಟ್ರಾಕ್ಟರ್ ಸಾಕು. ಉದ್ದ ಡ್ರೈವ್‌ವೇ ಇದ್ದರೆ ಮಾತ್ರ ಮುಂದೆ ಓದು.

ಕಂಪನಿಗಳ ವಿಷಯ. ಜಾನ್ ಡಿಯರ್ ತನ್ನ ಮೊದಲ ಗಾರ್ಡನ್ ಟ್ರಾಕ್ಟರ್ 110 ಅನ್ನು ವಿಸ್ಕಾನ್ಸಿನ್‌ನ ಹೊರಿಕಾನ್ ಕಾರ್ಖಾನೆಯಿಂದ 1963ರಲ್ಲಿ ಹೊರತಂದಿತು. 1983ರಿಂದ 1992ರವರೆಗೆ ಬಂದ 318 ಇದೆಯಲ್ಲ, ಅದರ ಹೆಸರು ಹೇಳಿದರೆ ಇಲ್ಲಿನ ಮುದುಕರ ಮುಖ ಇವತ್ತಿಗೂ ಅರಳುತ್ತದೆ. ಪವರ್ ಸ್ಟೀರಿಂಗ್, ಹೈಡ್ರಾಲಿಕ್ ಲಿಫ್ಟು, ಎರಡು ಸಿಲಿಂಡರಿನ 18 ಹಾರ್ಸ್‌ಪವರ್ ಓನಾನ್ ಎಂಜಿನ್. ಅದರ ಕಷ್ಟವೂ ಅದೇ ಎಂಜಿನ್. ಅದನ್ನು ಮಾಡುವುದು ನಿಂತು ಬಹಳ ಕಾಲವಾಯಿತು, ಬಿಡಿಭಾಗ ದುಬಾರಿ. ಓನಾನ್ ಆರೋಗ್ಯವಾಗಿದ್ದರೆ 318ರಷ್ಟು ಒಳ್ಳೆಯ ಗಾಡಿ ಸಿಗುವುದು ಕಷ್ಟ. ಎಂಜಿನ್ ಕೆಟ್ಟಿದ್ದರೆ ಪುಕ್ಕಟೆ ಕೊಟ್ಟರೂ ಕೈಮುಗಿದು ಬಾ. ಇನ್ನೊಂದು ಮಾತು: ಬೆಳ್ಳಗಿರುವುದೆಲ್ಲ ಹಾಲಲ್ಲ, ಹಸಿರು ಬಣ್ಣವಿದ್ದದ್ದೆಲ್ಲ 318 ಅಲ್ಲ. ಅದೇ ಹಸಿರು, ಅದೇ ಜಿಂಕೆಯ ಚಿತ್ರ ಇರುವ ಲಾನ್ ಟ್ರಾಕ್ಟರುಗಳು ಲಕ್ಷಗಟ್ಟಲೆ ಇವೆ. ಜಾಹೀರಾತಿನಲ್ಲಿ ಬರೀ ‘ಜಾನ್ ಡಿಯರ್’ ಎಂದಿದ್ದರೆ ಮಾಡೆಲ್ ನಂಬರ್ ಕೇಳದೆ ಮನೆಯಿಂದ ಹೊರಡಬೇಡ.

ಕಬ್ ಕೆಡೆಟ್ ಶುರುವಾದದ್ದು 1961ರಲ್ಲಿ, ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ ಲೂಯಿವಿಲ್ ಕಾರ್ಖಾನೆಯಲ್ಲಿ. 1981ರಲ್ಲಿ ಎಂಟಿಡಿ ಎಂಬ ಕಂಪನಿ ಅದನ್ನು ಕೊಂಡಿತು. ಹಾರ್ವೆಸ್ಟರ್ ಕಾಲದ ಗಾರ್ಡನ್ ಟ್ರಾಕ್ಟರುಗಳಲ್ಲಿ ಎಂಜಿನ್‌ನಿಂದ ಗೇರ್ ಪೆಟ್ಟಿಗೆಗೆ ನೇರವಾಗಿ ಶಾಫ್ಟು ಹೋಗುತ್ತದೆ, ನಡುವೆ ಬೆಲ್ಟಿನ ತಂಟೆಯಿಲ್ಲ. ಇಂಡಿಯಾನಾದ ಸೌತ್ ಬೆಂಡ್‌ನಲ್ಲಿ ಹುಟ್ಟಿದ ಕೆಂಪು ಬಣ್ಣದ ವೀಲ್ ಹಾರ್ಸ್ ಇನ್ನೂ ಸರಳ. 1986ರಲ್ಲಿ ಅದು ಟೋರೋ ಕಂಪನಿಯ ಕೈಸೇರಿತು. ಸಿಂಪ್ಲಿಸಿಟಿ, ಬೋಲೆನ್ಸ್ ಎರಡೂ ವಿಸ್ಕಾನ್ಸಿನ್‌ನ ಪೋರ್ಟ್ ವಾಷಿಂಗ್ಟನ್ ಎಂಬ ಒಂದೇ ಊರಿನವು, ಎರಡೂ ಗಟ್ಟಿ. ಇವುಗಳಲ್ಲಿ ಹಲವಕ್ಕೆ ಕೊಹ್ಲರ್ ಕೆ ಸರಣಿಯ ಒಂಟಿ ಸಿಲಿಂಡರಿನ ಎರಕದ ಎಂಜಿನ್ ಕೂರಿಸಿದ್ದಾರೆ. ಸದ್ದು ಜಾಸ್ತಿ, ನಡುಕ ಜಾಸ್ತಿ, ಆದರೆ ಬಿಚ್ಚಿ ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಬಹುದು. ನನ್ನನ್ನು ಕೇಳಿದರೆ, ಹೊಸಬನಾದ ನಿನಗೆ ಕೊಹ್ಲರ್ ಇರುವ ಹಳೇ ಕಬ್ ಕೆಡೆಟ್ ಅಥವಾ ವೀಲ್ ಹಾರ್ಸ್ ವಾಸಿ. ಆದಷ್ಟೂ ಹೈಡ್ರೋ, ಅಂದರೆ ಕ್ಲಚ್ಚು ತುಳಿಯದೆ ಓಡಿಸುವ ಹೈಡ್ರೋಸ್ಟ್ಯಾಟಿಕ್ ಪೆಟ್ಟಿಗೆ, ಇರುವುದನ್ನೇ ನೋಡು. ಹಿಮ ನೂಕುವಾಗ ಮುಂದೆ ಹಿಂದೆ, ಮುಂದೆ ಹಿಂದೆ ಎಂದು ಗಾಡಿ ಆಡಿಸುತ್ತಲೇ ಇರಬೇಕು. ಪ್ರತಿ ಸಲವೂ ಕ್ಲಚ್ಚು ತುಳಿದು ಗೇರ್ ಬದಲಿಸಿದರೆ ಕಾಲು ಬಿದ್ದುಹೋಗುತ್ತದೆ.

ನೋಡುವುದಕ್ಕೆ ಹೋಗುವ ಹಿಂದಿನ ದಿನ ಫೋನ್ ಮಾಡಿ, “ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ” ಎಂದು ವಿನಯದಿಂದ ಹೇಳು. ಹೋದ ಕೂಡಲೇ ಎಂಜಿನ್ ಮೇಲೆ ಕೈಯಿಡು. ಬೆಚ್ಚಗಿದ್ದರೆ ತಣ್ಣಗಿರುವಾಗ ಸ್ಟಾರ್ಟ್ ಆಗಲು ತಕರಾರು ಮಾಡುತ್ತದೆಂದೇ ತಿಳಿ. ಡಿಪ್‌ಸ್ಟಿಕ್ ಎಳೆದು ಮೂಸು. ಗ್ಯಾಸೊಲೀನ್ ವಾಸನೆ ಬಂದರೆ ಕಾರ್ಬೊರೇಟರ್ ಸೋರಿ ಇಂಧನ ಎಣ್ಣೆಗೆ ಇಳಿದಿರುವ ಸಾಧ್ಯತೆ ಹೆಚ್ಚು. ಸ್ಟಾರ್ಟ್ ಮಾಡಿದ ಮೇಲೆ ಹೊಗೆ ನೋಡು: ನೀಲಿ ಹೊಗೆ ನಿಲ್ಲದೆ ಬರುತ್ತಿದ್ದರೆ ಎಂಜಿನ್ ಎಣ್ಣೆ ಕುಡಿಯುತ್ತಿದೆ. ಕಪ್ಪು ಹೊಗೆಗೆ ಹೆದರಬೇಡ, ಅದು ಬಹುಪಾಲು ಕಾರ್ಬೊರೇಟರ್ ಅಥವಾ ಏರ್ ಫಿಲ್ಟರಿನ ಕೆಲಸ.

ಆಮೇಲೆ ನೆಲಕ್ಕೆ ಮಂಡಿಯೂರು. ಪ್ಯಾಂಟು ಕೊಳೆಯಾಗುತ್ತದೆಂದು ನಿಂತೇ ನೋಡುವವನು ಬಣ್ಣ ನೋಡಿಕೊಂಡು ಬರುತ್ತಾನೆ, ಅಷ್ಟೆ. ಬ್ಲೇಡ್ ಕೂರಿಸುವ ಜಾಗದಲ್ಲಿ ಚಾಸಿಗೆ ಟಾರ್ಚು ಬಿಡು. ವರ್ಷಾನುಗಟ್ಟಲೆ ಹಿಮಕ್ಕೆ ಗುದ್ದಿದ ಪೆಟ್ಟೆಲ್ಲ ಕೂತಿರುವುದು ಅಲ್ಲೇ. ಬಿರುಕಿದೆಯೋ, ಒರಟಾಗಿ ಬೆಸುಗೆ ಹಾಕಿದ್ದಾರೋ ನೋಡು. ಮುಂದಿನ ಆಕ್ಸಲ್ ಹಿಡಿದು ಅಲುಗಾಡಿಸು. ಡೆಕ್ಕಿನ ಒಳಮೈಯನ್ನು ಸ್ಕ್ರೂಡ್ರೈವರಿನಿಂದ ಚುಚ್ಚು. ತುಕ್ಕು ಹಿಡಿದು ತಗಡು ಸವೆದಿದ್ದರೆ ತೂತೇ ಬೀಳುತ್ತದೆ, ಮಾರುವವನ ಮುಖವೂ ಬೀಳುತ್ತದೆ. ಎಂಜಿನ್ ನಿಲ್ಲಿಸಿ, ಸ್ಪಾರ್ಕ್ ಪ್ಲಗ್ಗಿನ ವೈರ್ ಕಿತ್ತು, ಹುಲ್ಲಿನ ಬ್ಲೇಡುಗಳನ್ನು ಕೈಯಲ್ಲಿ ತಿರುಗಿಸು. ಗರಗರ ಅಂದರೆ ಸ್ಪಿಂಡಲ್ ಬೇರಿಂಗ್ ಹೋಗಿದೆ. ಅದು ದೊಡ್ಡ ಖರ್ಚಲ್ಲ, ಆದರೆ ಚೌಕಾಸಿಗೆ ಒಳ್ಳೆಯ ಮಾತು.

ಹೈಡ್ರೋ ಮಾತ್ರ ಬಹಳ ಮೋಸ. ತಣ್ಣಗಿರುವಾಗ ಎಲ್ಲವೂ ಚೆನ್ನಾಗಿಯೇ ಓಡುತ್ತವೆ. ಇಪ್ಪತ್ತು ನಿಮಿಷ ಓಡಿಸಿ ಬಿಸಿ ಮಾಡಿಕೊಂಡು, ಆಮೇಲೆ ಏರು ಹತ್ತಿಸು, ಹಿಮ್ಮುಖವಾಗಿಯೂ ಹತ್ತಿಸು. ಬಿಸಿಯಾದ ಮೇಲೆ ಏದುಸಿರು ಬಿಡುವ ಹೈಡ್ರೋ ನಿನ್ನ ಜೇಬಿಗೇ ಕನ್ನ. “ಇಷ್ಟು ಹೊತ್ತು ಯಾಕಪ್ಪ?” ಎಂದು ಮಾರುವವನು ಗೊಣಗಿದರೆ ಗೊಣಗಲಿ. ದಾಕ್ಷಿಣ್ಯಕ್ಕೆ ಬಸಿರಾದವರ ಗಾದೆ ನಿನಗೆ ಗೊತ್ತೇ ಇದೆ.

ಗಂಟೆ ತೋರಿಸುವ ಮೀಟರನ್ನು ಅರ್ಧ ನಂಬು. ಬ್ರೇಕ್ ಪೆಡಲಿನ ರಬ್ಬರು, ಸ್ಟೀರಿಂಗಿನ ಸವೆತ ಹೇಳುವುದೇ ನಿಜ. ಸೀಟಿನ ಕೆಳಗೆ ಕೈ ಹಾಕಿ ಸೇಫ್ಟಿ ಸ್ವಿಚ್ಚಿನ ವೈರ್ ನೋಡು. ಆಳು ಇಳಿದ ಕೂಡಲೇ ತಿರುಗುವ ಬ್ಲೇಡು ನಿಲ್ಲಲಿ ಎಂದು ಇಟ್ಟಿರುವ ಸ್ವಿಚ್ಚು ಅದು. ಎರಡು ವೈರ್ ಸೇರಿಸಿ ಟೇಪ್ ಸುತ್ತಿದ್ದರೆ ಆ ಮನುಷ್ಯ ಉಳಿದ ಕಡೆಯೂ ಹಾಗೇ ಮಾಡಿರುತ್ತಾನೆ. ನಿಜ ಹೇಳಬೇಕೆಂದರೆ ನಾನು ಟ್ರಾಕ್ಟರಿಗಿಂತ ಮೊದಲು ಗ್ಯಾರೇಜ್ ನೋಡುತ್ತೇನೆ. ಸ್ಪ್ಯಾನರುಗಳು ಗೋಡೆಗೆ ಸಾಲಾಗಿ ತೂಗುಹಾಕಿವೆಯೇ? ಎಣ್ಣೆ ಬದಲಿಸಿದ ತಾರೀಖು ಎಲ್ಲಾದರೂ ಪೆನ್ಸಿಲಿನಲ್ಲಿ ಗೀಚಿದೆಯೇ? ಮ್ಯಾನ್ಯುಯಲ್ ಕೇಳಿದರೆ ಡ್ರಾಯರಿನಿಂದ ತೆಗೆಯುತ್ತಾನೆಯೇ? ಹಾಗಿದ್ದರೆ ನೂರು ಡಾಲರ್ ಹೆಚ್ಚು ಹೇಳಿದರೂ ಅವನ ಹತ್ತಿರವೇ ತಗೋ. ಅಂಥವರ ಮುಂದೆ ಗಾಡಿಯನ್ನು ಹಳಿದು ಬೆಲೆ ಇಳಿಸಲು ಹೋಗಬೇಡ. ಮೂವತ್ತು ವರ್ಷ ಒರೆಸಿಟ್ಟ ವಸ್ತುವಿಗೆ ಹೆಸರಿಟ್ಟರೆ ಯಾರು ತಾನೇ ಸಹಿಸುತ್ತಾರೆ? “ಯಾಕೆ ಮಾರುತ್ತಿದ್ದೀರಿ?” ಎಂದು ಕೇಳಿ ಸುಮ್ಮನಿರು. ನಿನಗೆ ಸುಮ್ಮನಿರುವುದು ಕಷ್ಟ, ಗೊತ್ತು. ಆದರೂ ಇರು. ಮಿಕ್ಕಿದ್ದನ್ನೆಲ್ಲ ಅವರೇ ಹೇಳುತ್ತಾರೆ.

ಬೆಲೆ ಹೋಲಿಸುವಾಗ ಬರೀ ಗಾಡಿಯನ್ನು ಗಾಡಿಗೆ ಹೋಲಿಸಬೇಡ. ಪ್ಲೋ ಬ್ಲೇಡು, ಅದರ ಚೌಕಟ್ಟು, ಹಿಂಚಕ್ರದ ಚೈನು, ಚಕ್ರಕ್ಕೆ ಕಟ್ಟುವ ಎರಕದ ತೂಕ, ಎಲ್ಲ ಸೇರಿಸಿ ಲೆಕ್ಕ ಹಾಕು. ಒಂದು ಮಾಡೆಲಿನ ಬ್ಲೇಡು ಇನ್ನೊಂದಕ್ಕೆ ಸಾಮಾನ್ಯವಾಗಿ ಕೂರುವುದಿಲ್ಲ. ಅಗ್ಗವಾಯಿತೆಂದು ಬೋಳು ಟ್ರಾಕ್ಟರ್ ತಂದು, ಆಮೇಲೆ ಅದರ ಬ್ಲೇಡಿಗಾಗಿ ಮೂರು ರಾಜ್ಯ ಅಲೆದವರನ್ನು ಬಲ್ಲೆ. 48 ಇಂಚಿನ ಬ್ಲೇಡನ್ನು ಓರೆ ಮಾಡಿದರೆ ಗುಡಿಸುವುದು 42–43 ಇಂಚು ಮಾತ್ರ, ಅದೂ ಲೆಕ್ಕದಲ್ಲಿರಲಿ. ಟೈರಿಗೆ ಕ್ಯಾಲ್ಸಿಯಂ ಕ್ಲೋರೈಡ್ ನೀರು ತುಂಬಿಸಿದ್ದರೆ ರಿಮ್ಮನ್ನು ಚೆನ್ನಾಗಿ ನೋಡು. ವಾಲ್ವಿನ ಹತ್ತಿರ ಸೋರಿದರೆ ಅದು ಕಬ್ಬಿಣ ತಿನ್ನುತ್ತದೆ. ಕಾಲವನ್ನೂ ನೋಡಿ ಹೊರಡು. ಮೊದಲ ಹಿಮ ಬಿದ್ದ ವಾರ ಬ್ಲೇಡಿರುವ ಗಾಡಿಗೆ ಎಲ್ಲರೂ ಮುಗಿಬೀಳುತ್ತಾರೆ. ಏಪ್ರಿಲ್ ಕೊನೆಯಲ್ಲಿ ಅದೇ ಗಾಡಿ ಅಂಗಳದಲ್ಲಿ ಕೇಳುವವರಿಲ್ಲದೆ ನಿಂತಿರುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವುದನ್ನು ಡಿಸೆಂಬರ್ ತಿಂಗಳ ಜಾಹೀರಾತುಗಳಲ್ಲಿ ನೋಡಬೇಕು.

ತಂದ ಮೇಲೆ ಓಡಿಸುವ ರೀತಿಯನ್ನೂ ಕಲಿ. ಹಿಮ ನಿಲ್ಲಲಿ ಎಂದು ಕಾಯುತ್ತ ಕೂರಬೇಡ. ನಾಲ್ಕಾರು ಇಂಚು ಬಿದ್ದಾಗಲೇ ಒಂದು ಸುತ್ತು ನೂಕು. ಚಳಿಗಾಲದ ಮೊದಲ ಹಿಮವನ್ನು ಅಂಚಿನಿಂದ ಆಚೆಗೆ ದೂರ ತಳ್ಳಿಡು, ಇಲ್ಲದಿದ್ದರೆ ಫೆಬ್ರವರಿಗೆ ಎರಡೂ ಬದಿಯ ಗುಡ್ಡೆ ಒತ್ತರಿಸಿ ದಾರಿಯೇ ಇರುವುದಿಲ್ಲ. ಜಲ್ಲಿ ಹಾಕಿದ ಡ್ರೈವ್‌ವೇ ಆದರೆ ನೆಲ ಹೆಪ್ಪುಗಟ್ಟುವ ತನಕ ಬ್ಲೇಡನ್ನು ಸ್ವಲ್ಪ ಎತ್ತಿ ಹಿಡಿ. ಇಲ್ಲದಿದ್ದರೆ ಜಲ್ಲಿಯೆಲ್ಲ ಹುಲ್ಲಿನ ಮೇಲೆ ಬಿದ್ದಿರುತ್ತದೆ, ಬೇಸಿಗೆಯಲ್ಲಿ ಡೆಕ್ಕಿಗೆ ಸಿಕ್ಕಿ ಕಿಟಕಿಗೆ ಹಾರುತ್ತದೆ. ರಸ್ತೆಯ ಹಿಮ ನೂಕುವ ಊರಿನ ದೊಡ್ಡ ಲಾರಿ ಬಂದು ನಿನ್ನ ಡ್ರೈವ್‌ವೇ ಬಾಯಿಗೆ ಗಟ್ಟಿ ಹಿಮದ ದಿಬ್ಬ ಕಟ್ಟಿ ಹೋಗುತ್ತದೆ. ಓಡಿ ಬಂದು ಗುದ್ದಬೇಡ, ಅಂಚಿನಿಂದ ಸ್ವಲ್ಪ ಸ್ವಲ್ಪವೇ ಕೆರೆದು ತೆಗೆ. ಅದನ್ನು ರಸ್ತೆಗೆ ನೂಕುವುದು ನ್ಯೂಯಾರ್ಕ್ ರಾಜ್ಯದಲ್ಲಿ ಕಾನೂನಿಗೆ ವಿರುದ್ಧ. ಎದುರುಮನೆಯವರ ಪ್ರೀತಿಗೂ ವಿರುದ್ಧ.

ಕೆಲವು ವಿಷಯಕ್ಕೆ ನನ್ನ ಹತ್ತಿರ ತಮಾಷೆಯಿಲ್ಲ. ಗ್ಯಾರೇಜ್ ಬಾಗಿಲು ಮುಚ್ಚಿ ಎಂಜಿನ್ ಬೆಚ್ಚಗೆ ಮಾಡಬೇಡ, ಆ ಹೊಗೆ ಸದ್ದಿಲ್ಲದೆ ಪ್ರಾಣ ತೆಗೆಯುತ್ತದೆ. ಇಳಿಜಾರಿನಲ್ಲಿ ಅಡ್ಡಡ್ಡ ಓಡಿಸಬೇಡ, ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಓಡಿಸು. 15 ಡಿಗ್ರಿಗಿಂತ ಕಡಿದಾದ ಜಾಗಕ್ಕೆ ಹೋಗಲೇಬೇಡ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಫೋಟೋಗೆ ನಗಬೇಡ. ಊರಿನಿಂದ ಅಜ್ಜಿ ಫೋಟೋ ಕೇಳಿದರೆ ಎಂಜಿನ್ ನಿಲ್ಲಿಸಿ, ಕೀ ಜೇಬಿಗೆ ಹಾಕಿಕೊಂಡು ತೆಗೆಸು.

ಈ ಶನಿವಾರ ಒಂದು ಗಾಡಿ ನೋಡಲು ಹೋಗುತ್ತೀಯಂತೆ. ಟಾರ್ಚು, ಸ್ಕ್ರೂಡ್ರೈವರ್, ಒರೆಸಿಕೊಳ್ಳಲು ಹಳೇ ಬಟ್ಟೆ ತಗೊಂಡು ಹೋಗು. ಟ್ರೇಲರನ್ನೂ ದುಡ್ಡನ್ನೂ ಮನೆಯಲ್ಲೇ ಬಿಟ್ಟು ಹೋಗು. ಒಂದು ರಾತ್ರಿ ನಿದ್ದೆ ಮಾಡಿ ಎದ್ದ ಮೇಲೂ ಅದೇ ಬೇಕೆನ್ನಿಸಿದರೆ ಭಾನುವಾರ ನನಗೆ ಫೋನ್ ಮಾಡು, ಜೊತೆಗೆ ಬರುತ್ತೇನೆ.