‘ಊರುಗ್’: ವಸಾಹತುಗಾರನ ಹಳಹಳಿಕೆಯ ಸ್ವರೂಪ

ವಸಾಹತುಗಾರನ ಹಳಹಳಿಕೆಯನ್ನು ಬರಿಯ ಕಪಟವೆಂದು ತಳ್ಳಿಹಾಕುವುದು ಸುಲಭ. ಆದರೆ ಡಚ್ ಲೇಖಕಿ ಹೆಲ್ಲಾ ಹಾಸೆ ಅವರ ಕಿರುಕಾದಂಬರಿ ‘ಊರುಗ್’ (1948) ಅಂಥ ಓದಿಗೆ ಒಗ್ಗುವುದಿಲ್ಲ. 1918ರಲ್ಲಿ ಬಟಾವಿಯಾದಲ್ಲಿ (ಇಂದಿನ ಜಕಾರ್ತ) ಹುಟ್ಟಿದ ಹಾಸೆ ಇದನ್ನು ಪ್ರಕಟಿಸಿದಾಗ, 1945ರಲ್ಲೇ ಸ್ವಾತಂತ್ರ್ಯ ಘೋಷಿಸಿಕೊಂಡಿದ್ದ ಇಂಡೋನೇಷ್ಯಾವನ್ನು ಡಚ್ ಸರ್ಕಾರ ಇನ್ನೂ ಬಿಟ್ಟುಕೊಟ್ಟಿರಲಿಲ್ಲ.

ನಿರೂಪಕನು ಜಾವಾದ ತೋಟವೊಂದರ ಡಚ್ ಆಡಳಿತಗಾರನ ಮಗ. ಊರುಗ್ ಅಲ್ಲಿನ ಸ್ಥಳೀಯ ನೌಕರನ ಮಗ. ಇಬ್ಬರೂ ಒಟ್ಟಿಗೆ ಬೆಳೆದವರು. ನಿರೂಪಕನನ್ನು ಉಳಿಸಲು ಹೋಗಿ ಊರುಗ್‌ನ ತಂದೆ ಸರೋವರದಲ್ಲಿ ಮುಳುಗಿ ಸಾಯುತ್ತಾನೆ. ಆ ಋಣದ ಮೇಲೆಯೇ ಮುಂದಿನ ಸ್ನೇಹ ನಿಂತಿದೆ. ನಿರೂಪಕನ ಹಂಬಲಕ್ಕಾದರೋ ಸ್ನೇಹವಷ್ಟೇ ಕಾಣುತ್ತದೆ.

ಕೃತಿಗೆ ಊರುಗ್‌ನ ಹೆಸರಿದೆ, ನಿರೂಪಕನಿಗೆ ಹೆಸರೇ ಇಲ್ಲ. ಆದರೂ ನೆನಪೆಲ್ಲ ನಿರೂಪಕನದೇ. ಊರುಗ್ ಏನನ್ನು ನೆನೆದನೆಂಬುದು ನಮಗೆ ತಿಳಿಯದು. ಡಚ್ಚರು ಆ ಕಾಲದ ಬಗೆಗಿನ ತಮ್ಮ ಹಳಹಳಿಕೆಗೆ ಇಟ್ಟುಕೊಂಡ ಹೆಸರು ‘ತೆಂಪೊ ದುಲು’. ಮಲಯ್ ಭಾಷೆಯಲ್ಲಿ ಇದಕ್ಕೆ ‘ಹಿಂದಿನ ಕಾಲ’ ಎಂದರ್ಥ. ಪದ ಆಳಿಸಿಕೊಂಡವರದು, ನೆನಪು ಆಳಿದವರದು! ನನ್ನ ದೃಷ್ಟಿಯಲ್ಲಿ ‘ಊರುಗ್’ ಈ ಅಸಮತೆಯನ್ನು ಮರೆಮಾಚುವುದಿಲ್ಲ. ಕೊನೆಯಲ್ಲಿ ಅದೇ ಸರೋವರದ ಬಳಿ ಆಯುಧ ಹಿಡಿದು ಎದುರು ನಿಂತವನು ಊರುಗ್ ಹೌದೋ ಅಲ್ಲವೋ ಎಂಬುದು ನಿರೂಪಕನಿಗೆ ಖಚಿತವಾಗುವುದಿಲ್ಲ. ಗೆಳೆಯನನ್ನು ತಾನು ಅರಿತೇ ಇರಲಿಲ್ಲವೆಂದು ಅವನು ಒಪ್ಪಿಕೊಳ್ಳುವುದು ಆಗಲೇ.