ಬೈಂಡಿಂಗ್‌ಗಳನ್ನೆಲ್ಲ ಒಂದೇ ಲೈಬ್ರರಿಗೆ ತುಂಬುವ ಮುನ್ನ

ಮಗಳೇ, ನಿಮ್ಮ ಗೇಮ್ ಎಂಜಿನ್‌ನ ಲುವಾ ಬೈಂಡಿಂಗ್‌ಗಳು ಮೂರು ಕಡೆ ಚೆದುರಿವೆ, ಎಲ್ಲವನ್ನೂ ಒಂದೇ ಲೈಬ್ರರಿಗೆ ತರಲು ಸಿಮೇಕ್ ಫೈಲ್ ಹೇಗೆ ಬರೆಯಲಿ ಎಂದು ಕೇಳಿದ್ದೀಯ. ಹೇಗೆ ಎನ್ನುವುದಕ್ಕೆ ಮೊದಲು ಏಕೆ ಎನ್ನುವುದನ್ನು ಗಟ್ಟಿಮಾಡಿಕೋ. ಕಳುಹಿಸುವ ಫೈಲ್‌ಗಳು ಕಡಿಮೆಯಾಗುತ್ತವೆ ಎಂಬುದು ಸಣ್ಣ ಕಾರಣ. ದೊಡ್ಡ ಕಾರಣ ಬೇರೆಯೇ ಇದೆ. ಸೌಂಡ್, ಫಿಸಿಕ್ಸ್, ನೆಟ್‌ವರ್ಕ್ ಬೈಂಡಿಂಗ್‌ಗಳು ಮೂರೂ ಒಂದೇ ಸ್ಟಾಟಿಕ್ ಲೈಬ್ರರಿಯನ್ನು ತಂತಮ್ಮೊಳಗೆ ಲಿಂಕ್ ಮಾಡಿಕೊಂಡರೆ ಅದರ ಗ್ಲೋಬಲ್ ವೇರಿಯಬಲ್‌ಗಳಿಗೂ ಮೂರು ಪ್ರತಿಗಳು ಹುಟ್ಟುತ್ತವೆ. ಸೌಂಡ್ ಬರೆದಿಟ್ಟದ್ದು ಫಿಸಿಕ್ಸ್‌ಗೆ ಕಾಣುವುದಿಲ್ಲ, ಬಗ್ ಎಲ್ಲಿದೆ ಎಂದು ಹುಡುಕುತ್ತ ರಾತ್ರಿ ಕಳೆಯುತ್ತೀಯ. ಒಂದೇ ಲೈಬ್ರರಿಯಾದರೆ ಪ್ರತಿಯೂ ಒಂದೇ.

ಲುವಾ 1993ರಲ್ಲಿ ಬ್ರೆಜಿಲ್‌ನ ರಿಯೊ ಡಿ ಜನೈರೊದಲ್ಲಿ ಹುಟ್ಟಿದ ಭಾಷೆ. ಬೇರೆ ಪ್ರೋಗ್ರಾಮ್‌ನೊಳಗೆ ಸೇರಿಕೊಂಡು ಬಾಳುವುದೇ ಅದರ ಜಾಯಮಾನ. ಹಾಗಾಗಿ ನಿನ್ನ ಈ ಅಗತ್ಯವನ್ನು ಅದನ್ನು ಕಟ್ಟಿದವರು ಮೊದಲೇ ಊಹಿಸಿದ್ದಾರೆ. ಸ್ಕ್ರಿಪ್ಟ್‌ನಲ್ಲಿ 'ಗೇಮ್.ಸೌಂಡ್' ಬೇಕೆಂದು ಕೇಳಿದಾಗ, ಆ ಹೆಸರಿನ ಪ್ರತ್ಯೇಕ ಫೈಲ್ ಸಿಗದಿದ್ದರೆ ಲುವಾ ಬರೀ 'ಗೇಮ್' ಹೆಸರಿನ ಲೈಬ್ರರಿಯನ್ನು ತೆರೆದು ಅದರೊಳಗೆ 'ಲುವಾಓಪನ್_ಗೇಮ್_ಸೌಂಡ್' ಫಂಕ್ಷನ್ ಇದೆಯೇ ಎಂದು ನೋಡುತ್ತದೆ. ಚುಕ್ಕಿ ಇದ್ದ ಕಡೆ ಅಂಡರ್‌ಸ್ಕೋರ್, ಅಷ್ಟೇ ವ್ಯತ್ಯಾಸ. ಸಿ++ನಲ್ಲಿ ಬರೆಯುವುದಾದರೆ ಆ ಫಂಕ್ಷನ್‌ಗಳನ್ನು ಎಕ್ಸ್‌ಟರ್ನ್ ಸಿ ಎಂದು ಘೋಷಿಸುವುದನ್ನು ಮರೆಯಬೇಡ. ಮರೆತರೆ ಕಂಪೈಲರ್ ಹೆಸರನ್ನು ತಿರುಚುತ್ತದೆ, ಲುವಾಗೆ ಗುರುತು ಸಿಗುವುದಿಲ್ಲ. ಪೈಥಾನ್ ಇಷ್ಟು ಉದಾರಿಯಲ್ಲ. ಅದು ಫೈಲ್ ಹೆಸರಿಗೆ ಹೊಂದುವ ಒಂದು ಇನಿಟ್ ಫಂಕ್ಷನ್ ಮಾತ್ರ ಹುಡುಕುತ್ತದೆ, ಉಳಿದವನ್ನು ನೀನೇ ಸಬ್‌ಮಾಡ್ಯೂಲ್ ಮಾಡಿ ಸೇರಿಸಬೇಕು.

ಈಗ ಹೊಸಬರೆಲ್ಲ ಎಡವುವ ಜಾಗಕ್ಕೆ ಬಾ. ಮೂರು ಬೈಂಡಿಂಗ್‌ಗಳನ್ನು ಮೂರು ಸ್ಟಾಟಿಕ್ ಲೈಬ್ರರಿ ಮಾಡಿ, ಕೊನೆಗೆ ಒಂದಕ್ಕೆ ಲಿಂಕ್ ಮಾಡಿಬಿಡೋಣ ಎಂದು ಯಾರಿಗಾದರೂ ಅನಿಸುತ್ತದೆ. ಬಿಲ್ಡ್ ತೊಂದರೆಯಿಲ್ಲದೆ ಮುಗಿಯುತ್ತದೆ, ಎರರ್ ಒಂದೂ ಇಲ್ಲ. ಓಡಿಸಿದಾಗ ಮಾತ್ರ 'ಮಾಡ್ಯೂಲ್ ಸಿಗಲಿಲ್ಲ' ಎನ್ನುತ್ತದೆ! ಸ್ಟಾಟಿಕ್ ಲೈಬ್ರರಿಯೊಳಗಿನ ಆಬ್ಜೆಕ್ಟ್ ಫೈಲ್‌ಗಳು ಬೀಗರಿದ್ದ ಹಾಗೆ, ಹೆಸರು ಹಿಡಿದು ಕರೆಯದಿದ್ದರೆ ಬರುವುದಿಲ್ಲ. ನಿನ್ನ ಓಪನ್ ಫಂಕ್ಷನ್‌ಗಳನ್ನು ಕರೆಯುವುದು ಲುವಾ, ಅದೂ ಪ್ರೋಗ್ರಾಮ್ ಓಡುವಾಗ. ಲಿಂಕ್ ಆಗುವ ಹೊತ್ತಿಗೆ ಅವನ್ನು ಯಾರೂ ಕೇಳಿರುವುದಿಲ್ಲ, ಲಿಂಕರ್ ಬಿಟ್ಟುಬಿಡುತ್ತದೆ. ಪೂರ್ತಿ ಆರ್ಕೈವ್ ಸೇರಿಸು ಎಂದು ಲಿಂಕರ್‌ಗೆ ಬಲವಂತ ಮಾಡಬಹುದು. ಒಂದೊಂದು ಸಿಸ್ಟಮ್‌ನಲ್ಲಿ ಒಂದೊಂದು ಫ್ಲ್ಯಾಗ್ ಇತ್ತು, ಸಿಮೇಕ್ 3.24ರಿಂದ ಅದಕ್ಕೊಂದು ಸಮಾನ ಬರಹ ಬಂದಿದೆ. ಬೇರೆಯವರ ಲೈಬ್ರರಿ ಸೇರಿಸಬೇಕಾದಾಗ ಅದು ಸರಿ. ಸ್ವಂತ ಕೋಡ್‌ಗೆ ಆ ಗೋಜು ಏಕೆ? ಒಂದೊಂದು ಬೈಂಡಿಂಗನ್ನೂ ಅದರದರ ಫೋಲ್ಡರ್‌ನಲ್ಲಿ ಆಬ್ಜೆಕ್ಟ್ ಲೈಬ್ರರಿಯಾಗಿ ಘೋಷಿಸು, ಮೂರನ್ನೂ ನೇರವಾಗಿ ಕೊನೆಯ ಟಾರ್ಗೆಟ್‌ಗೆ ಕೊಡು. ಆಗ ಲಿಂಕರ್‌ಗೆ ಆರಿಸುವ ಹಕ್ಕೇ ಇರುವುದಿಲ್ಲ. ಒಂದು ಎಚ್ಚರ: ಶೇರ್ಡ್ ಲೈಬ್ರರಿಗೆ ಬೇಕಾದ ಪೊಸಿಷನ್ ಇಂಡಿಪೆಂಡೆಂಟ್ ಕೋಡ್ ಆಯ್ಕೆಯನ್ನು ಸಿಮೇಕ್ ಆಬ್ಜೆಕ್ಟ್ ಲೈಬ್ರರಿಗೆ ತಾನಾಗಿ ಹಾಕುವುದಿಲ್ಲ. ನೀನೇ ಆನ್ ಮಾಡು.

ಕೊನೆಯ ಟಾರ್ಗೆಟ್ ಮಾಡ್ಯೂಲ್ ಬಗೆಯದಾಗಿರಲಿ, ಶೇರ್ಡ್ ಬೇಡ. ಮ್ಯಾಕ್‌ನಲ್ಲಿ ಎರಡಕ್ಕೂ ಎಕ್ಸ್‌ಟೆನ್ಷನ್ ಬೇರೆ, ಲುವಾ ಹುಡುಕುವುದು ಮಾಡ್ಯೂಲ್‌ನದನ್ನು. ಹೆಸರಿನ ಮುಂದೆ ಸಿಮೇಕ್ ಅಂಟಿಸುವ 'ಲಿಬ್' ಪ್ರಿಫಿಕ್ಸ್ ತೆಗೆದುಹಾಕು.

ಇದೊಂದನ್ನು ಮಾತ್ರ ಖಡಾಖಂಡಿತವಾಗಿ ಹೇಳುತ್ತೇನೆ: ಎಲ್ಲವನ್ನೂ ಒಂದಕ್ಕೆ ತುಂಬುವ ಹುರುಪಿನಲ್ಲಿ ಲುವಾವನ್ನೇ ಒಳಗೆ ತುಂಬಬೇಡ. ಲೈಬ್ರರಿಯೊಳಗೆ ಬೈಂಡಿಂಗ್ ಇರಬೇಕು, ಇಂಟರ್‌ಪ್ರಿಟರ್ ಹೊರಗೇ ಇರಬೇಕು. ಲಿನಕ್ಸ್‌ನಲ್ಲಿ ಎರಡೆರಡು ಲುವಾ ಇದ್ದರೂ ಎಷ್ಟೋ ಸಲ ಗೊತ್ತೇ ಆಗದಂತೆ ನಡೆದುಹೋಗುತ್ತದೆ. ವಿಂಡೋಸ್‌ಗೆ ಹೋದಾಗ ಬಣ್ಣ ಬಯಲಾಗುತ್ತದೆ. ಲುವಾ 5.3ರಲ್ಲಾದರೂ 'ಒಂದಕ್ಕಿಂತ ಹೆಚ್ಚು ಲುವಾ ಇದೆ' ಎಂದು ಎರರ್ ಕೊಡುತ್ತಿತ್ತು, 5.4ರಲ್ಲಿ ಆ ತಪಾಸಣೆ ತೆಗೆದಿದ್ದಾರೆ. ಲಿನಕ್ಸ್‌ನಲ್ಲಿ ಮಾಡ್ಯೂಲ್‌ಗೆ ಲುವಾ ಲಿಂಕ್ ಮಾಡಲೇಬೇಡ, ಎಂಜಿನ್ ತನ್ನ ಸಿಂಬಲ್‌ಗಳನ್ನು ಹೊರಗೆ ಕಾಣಿಸಿದರೆ ಸಾಕು. ವಿಂಡೋಸ್‌ನಲ್ಲಿ ಎಂಜಿನ್ ಮತ್ತು ಮಾಡ್ಯೂಲ್ ಎರಡೂ ಒಂದೇ ಲುವಾ ಡಿಎಲ್‌ಎಲ್ ಬಳಸಲಿ.

ಎಲ್ಲವೂ ಒಂದಾಗಲೇಬೇಕೆಂದಿಲ್ಲ ಎನ್ನುವುದೂ ನೆನಪಿರಲಿ. ನೆಟ್‌ವರ್ಕ್ ಬೈಂಡಿಂಗ್ ಯಾವುದೋ ಹೊರಗಿನ ಶೇರ್ಡ್ ಲೈಬ್ರರಿಯನ್ನು ನೆಚ್ಚಿಕೊಂಡಿದ್ದು, ಅದು ಆಟಗಾರರ ಯಂತ್ರದಲ್ಲಿ ಇಲ್ಲದಿದ್ದರೆ, ನಿನ್ನ ಇಡೀ ಲೈಬ್ರರಿ ಲೋಡ್ ಆಗುವುದಿಲ್ಲ. ನೆಟ್‌ವರ್ಕ್ ಬೇಡದವರಿಗೂ ಸೌಂಡ್ ಇಲ್ಲ. ಅಂಥದ್ದನ್ನು ಬೇರೆಯಾಗಿಯೇ ಬಿಡು, ಇಲ್ಲವೇ ಬಿಲ್ಡ್ ಫೈಲ್‌ನಲ್ಲಿ ಅದಕ್ಕೊಂದು ಆಯ್ಕೆ ಇಡು. ಸೋರ್ಸ್ ಫೈಲ್‌ಗಳನ್ನು ಗ್ಲಾಬ್ ಹಾಕಿ ಗುಡಿಸಿಕೊಳ್ಳಬೇಡ, ಒಂದೊಂದಾಗಿ ಬರೆ. ಸಿಮೇಕ್‌ನ ಕೈಪಿಡಿಯೇ ಹಾಗೆ ಹೇಳುತ್ತದೆ.

ಬಿಲ್ಡ್ ಮುಗಿದ ಮೇಲೆ ನಂಬಿ ಕೂರಬೇಡ. ಲಿನಕ್ಸ್‌ನ ಎನ್ಎಮ್ ಕಮಾಂಡ್‌ನಿಂದ ಡೈನಮಿಕ್ ಸಿಂಬಲ್‌ಗಳ ಪಟ್ಟಿ ತೆಗೆ. ಮೂರು ಓಪನ್ ಫಂಕ್ಷನ್‌ಗಳ ಮುಂದೆ 'ಟಿ' ಇರಬೇಕು, ಲುವಾದ ಸ್ವಂತ ಫಂಕ್ಷನ್‌ಗಳ ಮುಂದೆ 'ಯು' ಇರಬೇಕು. ಲುವಾದವಕ್ಕೂ 'ಟಿ' ಕಂಡರೆ ಇಂಟರ್‌ಪ್ರಿಟರ್ ಒಳಗೆ ಸೇರಿಕೊಂಡಿದೆ ಎಂದೇ ಅರ್ಥ. ಆ ಪಟ್ಟಿ ನೋಡಿ ಆಮೇಲೆ ನನಗೆ ಫೋನ್ ಮಾಡು, ಮೊದಲಲ್ಲ.