ಸ್ಪೆಲ್ಲಿಂಗ್ ಒಂದೇ, ಉಚ್ಚಾರ ಎರಡು



ಹೋದ ವಾರ ಇಂಗ್ಲಿಷ್ ಪಾಠ ಓದುವಾಗ ನಾನು ‘ಟಿಯರ್ ದ ಪೇಪರ್’ ಅಂತ ಓದಿದೆ. ಎಲ್ಲರೂ ನಕ್ಕರು. ನನಗೆ ಅಳು ಬಂತು. ಆಗ ಟೀಚರ್, “ಈಗ ನಿನ್ನ ಕಣ್ಣಲ್ಲಿ ಇರೋದು ಟಿಯರ್, ಪುಸ್ತಕದಲ್ಲಿ ಇರೋದು ಟೇರ್. ಟೇರ್ ಅಂದ್ರೆ ಹರಿ. ಎರಡನ್ನೂ ಟಿ-ಇ-ಎ-ಆರ್ ಅಂತಲೇ ಬರೀತಾರೆ” ಅಂದರು. ಅಂಥ ಇನ್ನಷ್ಟು ಶಬ್ದಗಳನ್ನು ಹುಡುಕಿ ಬರೆದಿದ್ದೇನೆ.

1. ಎಲ್-ಇ-ಎ-ಡಿ: ಲೀಡ್ ಎಂದರೆ ಮುಂದೆ ನಿಂತು ನಡೆಸು. ಲೆಡ್ ಎಂದರೆ ಸೀಸ ಎಂಬ ಲೋಹ.
2. ಡಬ್ಲ್ಯು-ಐ-ಎನ್-ಡಿ: ವಿಂಡ್ ಎಂದರೆ ಗಾಳಿ. ವೈಂಡ್ ಎಂದರೆ ಸುತ್ತು.
3. ಎಂ-ಐ-ಎನ್-ಯು-ಟಿ-ಇ: ಮಿನಿಟ್ ಎಂದರೆ ನಿಮಿಷ, ಅಂದರೆ 60 ಸೆಕೆಂಡು. ಮೈನ್ಯೂಟ್ ಎಂದರೆ ಬಹಳ ಸಣ್ಣದು.
4. ಬಿ-ಓ-ಡಬ್ಲ್ಯು: ಬೋ ಎಂದರೆ ಬಿಲ್ಲು. ಬೌ ಎಂದರೆ ತಲೆ ಬಾಗು.

ಕನ್ನಡದಲ್ಲೂ ‘ಅರಸು’ ಅಂದರೆ ರಾಜ, ಹುಡುಕು ಎಂದು ಎರಡು ಅರ್ಥ. ಆದರೆ ಓದೋದು ಒಂದೇ ಥರ. ಇಂಗ್ಲಿಷಿನಲ್ಲಿ ಹಾಗಲ್ಲ. ಮೊದಲು ಪೂರ್ತಿ ವಾಕ್ಯ ನೋಡಿ ಅರ್ಥ ತಿಳಿಯಬೇಕು, ಆಮೇಲೆ ಗಟ್ಟಿಯಾಗಿ ಓದಬೇಕು.

ಯಾರಾದರೂ ತಪ್ಪು ಓದಿದರೆ ನಗಬೇಡಿ. ಅವರು ಓದಿದ್ದೂ ಒಂದು ಶಬ್ದವೇ ಇರಬಹುದು!